ಗವರ್ನರ್ ಬದಲಾದರೆ ಅವರ ಸಹಿಯ ನೋಟು ನಡೆಯಲ್ವಾ?

'ರಿಸರ್ವ್ ಬ್ಯಾಂಕಿಗೆ ಹೊಸ ಗವರ್ನರ್ ಬಂದಿದ್ದಾರೆ, ಹಳೇ ಸಹಿಯ ನೋಟು ಬೇಗ ಖರ್ಚು ಮಾಡಿಬಿಡಿ' ಅನ್ನೋ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು.

ಮೊನ್ನೆ ಕೋಲಾರದ ಟೊಮ್ಯಾಟೊ ಮಂಡಿ ಹತ್ತಿರ ಬಾಕ್ಸ್ ಹೊರುವ ಅಜ್ಜ ಒಬ್ಬರು ಟೀ ಕುಡಿದು ನೂರರ ನೋಟು ಕೊಟ್ಟರು. ಅಂಗಡಿಯವನು ಸಹಿ ನೋಡಿ ವಾಪಸ್ ಕೊಟ್ಟ. ಅದು ಹಿಂದಿನ ಗವರ್ನರ್ ಊರ್ಜಿತ್ ಪಟೇಲ್ ಸಹಿಯ ನೇರಳೆ ನೋಟು. ಅಜ್ಜ ಅದನ್ನು ಮಡಚಿ, ಪೆಚ್ಚಾಗಿ ಜೇಬಿಗಿಟ್ಟುಕೊಂಡರು. ನನಗೆ ತುಂಬಾ ಬೇಜಾರಾಯಿತು.

ಗಾಂಧೀಜಿ ಚಿತ್ರದ ಬಲಗಡೆ ಇರುವ ಆ ಸಹಿ ವ್ಯಕ್ತಿಯ ಸ್ವಂತ ಸಾಲಪತ್ರ ಅಲ್ಲ. ನೋಟಿನ ಮೊತ್ತ ಕೊಡುತ್ತೇವೆ ಅಂತ ಗವರ್ನರ್ ಬ್ಯಾಂಕಿನ ಪರವಾಗಿ ಮಾತು ಕೊಡುತ್ತಾರೆ, ಅದಕ್ಕೆ ಕೇಂದ್ರ ಸರ್ಕಾರದ ಖಾತರಿ ಇರುತ್ತದೆ. ಊರ್ಜಿತ್ ಪಟೇಲ್ 2018ರಲ್ಲಿ ಹೊರಟರು, ಶಕ್ತಿಕಾಂತ ದಾಸ್ 2024ರ ಡಿಸೆಂಬರ್‌ನಲ್ಲಿ. ಇಬ್ಬರ ಸಹಿಯ ನೋಟೂ ಇವತ್ತಿಗೂ ನಡೆಯುತ್ತವೆ. ಈಗಿನ ಗವರ್ನರ್ ಸಂಜಯ್ ಮಲ್ಹೋತ್ರಾ ಸಹಿಯ ನೋಟು ಬರುವಾಗಲೂ ರಿಸರ್ವ್ ಬ್ಯಾಂಕ್ ಇದನ್ನೇ ಹೇಳಿತು: ಹಳೆಯವೂ ಚಲಾವಣೆಯಲ್ಲಿರುತ್ತವೆ.

ನೋಟು ರದ್ದಾಗುವ ದಾರಿಯೇ ಬೇರೆ. ರಿಸರ್ವ್ ಬ್ಯಾಂಕಿನ ಕೇಂದ್ರೀಯ ಮಂಡಳಿ ಶಿಫಾರಸು ಮಾಡಬೇಕು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಹೇಳುವುದು ಇದನ್ನೇ. 2016ರ ನವೆಂಬರ್‌ನಲ್ಲಿ ಹಳೇ 500, 1000ದ ನೋಟುಗಳು ಹೋಗಿದ್ದು ಸರ್ಕಾರದ ಅಧಿಸೂಚನೆಯಿಂದ, ಯಾರೋ ನಿವೃತ್ತರಾಗಿದ್ದಕ್ಕೆ ಅಲ್ಲ.

ಅಂದಹಾಗೆ, ಒಂದು ರೂಪಾಯಿ ನೋಟಿನಲ್ಲಿ ಗವರ್ನರ್ ಸಹಿಯೇ ಇರಲ್ಲ. ಅಲ್ಲಿರೋದು ಕೇಂದ್ರದ ಹಣಕಾಸು ಸಚಿವಾಲಯದ ಕಾರ್ಯದರ್ಶಿಯ ಸಹಿ.

ಅಜ್ಜನ ಆ ನೋಟಿಗೆ ಪಕ್ಕದ ಹಣ್ಣಿನಂಗಡಿಯ ಅಕ್ಕ ಮಾತಾಡದೆ ಚಿಲ್ಲರೆ ಕೊಟ್ಟರು.