ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕೇ?

ಇಂಗ್ಲೆಂಡಿಗೆ ಬಂದು ಮಕ್ಕಳ ರಕ್ಷಣಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ದೌರ್ಜನ್ಯಕ್ಕೊಳಗಾದ ಮಗುವೊಂದರ ಹೇಳಿಕೆಯನ್ನು ಓದಿ ವರದಿ ಬರೆದ ಮರುದಿನ ಮೇಲ್ವಿಚಾರಕಿ ನನ್ನನ್ನು ಕರೆಸಿದರು. ವರದಿಯ ಮಾತೆತ್ತುವ ಮೊದಲೇ ಅವರು ಕೇಳಿದ್ದು, ರಾತ್ರಿ ನಿದ್ದೆ ಬಂತೇ ಎಂದು. ಊರಿನಲ್ಲಿ ಇದೇ ಕೆಲಸ ಮಾಡಿದಷ್ಟು ಕಾಲ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಪರರ ಆಘಾತವನ್ನು ಕೇಳಿಯೇ ಉಂಟಾಗುವ ಈ ಒತ್ತಡ ದುಡಿದು ದಣಿಯುವುದಕ್ಕಿಂತ ಬೇರೆಯದು. ದಣಿವು ತಿಂಗಳುಗಟ್ಟಲೆ ಕೂಡುತ್ತ ಬರುತ್ತದೆ. ಇದು ಒಂದೇ ಒಂದು ಹೇಳಿಕೆಯಿಂದಲೂ ಶುರುವಾಗಬಹುದು. ತಾನು ಕಾಣದ ಘಟನೆ ಕಣ್ಣಮುಂದೆ ಬರುತ್ತದೆ, ಅದನ್ನು ನೆನಪಿಸುವ ಭೇಟಿಗಳನ್ನು ಮನಸ್ಸು ಮುಂದೂಡುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ. ಇವನ್ನು ಅಳೆಯಲು ಅಮೆರಿಕದ ಸಮಾಜಕಾರ್ಯ ಸಂಶೋಧಕ ಬ್ರಯನ್ ಬ್ರೈಡ್ ಮತ್ತು ಸಂಗಡಿಗರು 2004ರಲ್ಲಿ 17 ಅಂಶಗಳ ಪ್ರಶ್ನಾವಳಿಯನ್ನು ರೂಪಿಸಿದರು. ವೃತ್ತಿಯ ಕಾರಣದಿಂದ ಇಂಥ ವಿವರಗಳಿಗೆ ಮತ್ತೆಮತ್ತೆ ಒಡ್ಡಿಕೊಳ್ಳುವುದನ್ನೂ ಅಮೆರಿಕದ ಮನೋವೈದ್ಯರ ಸಂಘ ಮನೋರೋಗಗಳನ್ನು ಗುರುತಿಸುವ ತನ್ನ 2013ರ ಕೈಪಿಡಿಯಲ್ಲಿ ಆಘಾತವೆಂದು ಒಪ್ಪಿಕೊಂಡಿತು.

ಊರಿನ ನಮ್ಮ ಕಚೇರಿಯಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಔಷಧ: "ಈ ಕೆಲಸಕ್ಕೆ ಬಂದ ಮೇಲೆ ಮನಸ್ಸು ಗಟ್ಟಿ ಇರಬೇಕಮ್ಮ." ಪೋಕ್ಸೊ ಪ್ರಕರಣಗಳನ್ನು ನೋಡುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ಬರಬರುತ್ತ ತಮ್ಮ ಮಗಳನ್ನು ಪಕ್ಕದ ಮನೆಗೂ ಆಡಲು ಕಳಿಸದಾದರು. ಅತಿ ಎಚ್ಚರದ ತಾಯಿ ಎಂದು ನಕ್ಕವರೇ ಹೆಚ್ಚು. ಮಗುವಿನ ಗುರುತು ಹೊರಬೀಳಬಾರದೆಂಬ ನಿಯಮ ಸರಿಯಾದದ್ದೇ. ಆದರೆ ಮನೆಯಲ್ಲಿ ಬಾಯಿ ಬಿಡುವಂತಿಲ್ಲದ ಮೇಲೆ ಕಚೇರಿಯಲ್ಲಾದರೂ ಕೇಳುವವರು ಬೇಡವೇ? ಸೇವೆಗೆಂದು ಬಂದವರು ನೊಂದೆನೆನ್ನುವುದು ನಮ್ಮಲ್ಲಿ ಅರ್ಹತೆಯ ಕೊರತೆಯಂತೆ ಕಾಣುತ್ತದೆ, ಮತ್ತು ಈ ನೋಟವನ್ನು ಅನುಭವವುಳ್ಳ ಹಿರಿಯರೇ ಪೋಷಿಸುತ್ತಾರೆಂಬುದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

ಇಂಗ್ಲೆಂಡಿನಲ್ಲಿ ಹೊಸ ಸಮಾಜಕಾರ್ಯಕರ್ತರಿಗೆ ಬೆಂಬಲ ನೀಡುವ ಮೊದಲ ವರ್ಷದ ವ್ಯವಸ್ಥೆಯಲ್ಲಿ ಮೊದಲ ಆರು ವಾರ ವಾರಕ್ಕೊಮ್ಮೆ, ಆರು ತಿಂಗಳಾಗುವವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮೇಲ್ವಿಚಾರಣೆಯ ಭೇಟಿ ನಡೆಯಬೇಕು. ಯಾರಾದರೂ ಕುಸಿದು ಬೀಳುವವರೆಗೆ ಕಾಯದೆ ದಿನಚರಿಯಲ್ಲೇ ಸಮಯ ಗುರುತಿಸಿರುವುದರಿಂದ, ಅಲ್ಲಿ ಮಾತನಾಡುವವರು ಅಶಕ್ತರೆನಿಸಿಕೊಳ್ಳುವುದಿಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆಯೆಂದರೆ ಸುಳ್ಳಾದೀತು. ಪ್ರಕರಣಗಳು ಏರಿದ ತಿಂಗಳು ಆ ಭೇಟಿ ಗಡುವುಗಳ ಲೆಕ್ಕ ಒಪ್ಪಿಸುವುದರಲ್ಲೇ ಮುಗಿಯುತ್ತದೆ. ನಿದ್ದೆಯ ವಿಚಾರ ಕೇಳಲು ಮೇಲ್ವಿಚಾರಕಿಗೇ ಪುರುಸೊತ್ತಿರುವುದಿಲ್ಲ. ಊರಿನಲ್ಲಿ ಸಂಜೆ ಬಸ್ಸಿಗೆ ಕಾಯುತ್ತ ನಾವು ಯಾರ ಹೆಸರನ್ನೂ ಹೇಳದೆ ಆಡಿಕೊಳ್ಳುತ್ತಿದ್ದ ಮಾತುಗಳು ಮನಸ್ಸು ಹಗುರ ಮಾಡುವ ಕೆಲಸವನ್ನು ಎಷ್ಟೋ ಮಟ್ಟಿಗೆ ಮಾಡುತ್ತಿದ್ದವೆಂಬುದನ್ನೂ ಒಪ್ಪಬೇಕು. ಇಲ್ಲಿ ಕೆಲಸ ಮುಗಿದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಾರು ಹತ್ತುತ್ತಾರೆ. ಆದರೆ ಬಸ್ಸು ಬೇಗ ಬಂದ ದಿನ ಆ ಮಾತು ನಡೆಯುತ್ತಿರಲಿಲ್ಲ, ಮತ್ತು ಆ ಸಹೋದ್ಯೋಗಿಯ ಕೈಗೆ ಸಾಲುಸಾಲಾಗಿ ಅಂಥವೇ ಪ್ರಕರಣಗಳು ಬೀಳುವುದನ್ನು ತಪ್ಪಿಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇರಲಿಲ್ಲ.