ನಿಮ್ಮ ಕೊನೆಯ ಹೆಸರೇನು?

ಅಮ್ಮನಿಗೆ ಬೆಂಗಳೂರಿನಿಂದ ತೀರ್ಥಹಳ್ಳಿಗೆ ರಾತ್ರಿ ಬಸ್ಸಿನ ಟಿಕೆಟ್ ಬೇಕಿತ್ತು. "ನಾನೇ ಮಾಡ್ತೀನಿ ಬಿಡೋ" ಎಂದು ಕನ್ನಡಕ ಹಾಕಿಕೊಂಡು ಮೊಬೈಲ್ ಹಿಡಿದು ಕೂತಳು. ಆ್ಯಪಿನ ಹೆಸರು ಹೇಳುವುದಿಲ್ಲ. ಹೇಳಿದರೆ ತಕ್ಷಣ ಐದು ಸ್ಟಾರ್ ಕೇಳುತ್ತದೆ.

ತಾನು 'ಬಳಕೆದಾರ ಸ್ನೇಹಿ' ಅಂತ ಅದೇ ಹೇಳಿಕೊಂಡಿದೆ. ನಮ್ಮ ಕಡೆ ಸ್ನೇಹಿತರು ಮನೆಗೆ ಬಂದರೆ ಕಾಫಿ ಕುಡಿಯುತ್ತಾರೆ. ಇದು ಹೊಸ್ತಿಲಲ್ಲೇ ನಿಂತು ಲೊಕೇಶನ್ ಕೊಡಿ, ಫೋಟೋ ಕೊಡಿ, ನೆಂಟರಿಷ್ಟರ ನಂಬರೆಲ್ಲ ಕೊಡಿ ಎಂದಿತು.

"ಬಸ್ ಹತ್ತೋಕೆ ನನ್ನ ಮೊಮ್ಮಗನ ನಾಮಕರಣದ ಫೋಟೋ ಯಾಕೋ?"

ನನಗೂ ಗೊತ್ತಿರಲಿಲ್ಲ. 'ಒಪ್ಪಿಗೆ' ಒತ್ತಿದೆವು. ಅಕ್ಕನ ಮದುವೆಗೂ ನಮ್ಮ ಮನೆಯಲ್ಲಿ ಇಷ್ಟು ಬೇಗ ಒಪ್ಪಿಗೆ ಸಿಕ್ಕಿರಲಿಲ್ಲ.

ಕನ್ನಡ ಬೇಕು ಅಂದರೆ ಕನ್ನಡವೂ ಇದೆ. ಮೊದಲ ಪುಟಕ್ಕೆ ಹೋಗುವ 'ಹೋಮ್' ಬಟನ್ನಿಗೆ 'ಮನೆ' ಎಂದು ಬರೆದಿದ್ದರು. ಅಮ್ಮ ಹೋಗಬೇಕಾದದ್ದು ಮನೆಗೇ ತಾನೆ? ಒತ್ತಿದಳು. ಅಲ್ಲಿಯವರೆಗೆ ತುಂಬಿದ್ದೆಲ್ಲ ಮಾಯ. ಟಿಕೆಟ್ ಬುಕ್ ಮಾಡುವ ಬಟನ್ ಮೇಲೆ 'ಈಗ ಪುಸ್ತಕ' ಎಂದಿತ್ತು. "ದಾರಿಯಲ್ಲಿ ಓದೋಕೆ ಪುಸ್ತಕಾನೂ ಕೊಡ್ತಾರಾ?" ಎಂದಳು. ಪಾಪ.

ಬೆರಳಿಗೆ ಸರಿಯಾಗಿ ಸಿಗಬೇಕಾದರೆ ಬಟನ್ ಸುಮಾರು 9 ಮಿಲಿಮೀಟರ್ ಆದರೂ ಇರಲಿ ಎಂದು ಆಂಡ್ರಾಯ್ಡ್‌ನವರೇ ಹೇಳುತ್ತಾರೆ. ನಮ್ಮ ಆ್ಯಪಿನಲ್ಲಿ 'ಹಣ ಕಟ್ಟಿ' ಹೋಳಿಗೆಯಷ್ಟು ಅಗಲ. 'ವಿಮೆ ಬೇಡ' ಮಾತ್ರ ಸಾಸಿವೆಯಷ್ಟು, ಅದೂ ಬಿಳಿ ಮೇಲೆ ಬೂದಿ ಬಣ್ಣದಲ್ಲಿ. ಹೇಗೋ ಹುಡುಕಿ ಒತ್ತಿದರೆ ಪೂರ್ತಿ ವಾಕ್ಯ ಎದ್ದು ನಿಂತಿತು: 'ಬೇಡ, ನನಗೆ ನನ್ನ ಕುಟುಂಬದ ಚಿಂತೆಯಿಲ್ಲ.'

"ಯಾರಿಗೋ ಚಿಂತೆ ಇಲ್ಲ? ಮೂರು ಮಕ್ಕಳನ್ನ ಸಾಕಿದೀನಿ!" ಅಮ್ಮನ ಮುಖ ಕೆಂಪಾಯಿತು. ಹದಿನೈದು ರೂಪಾಯಿ ಹೋಯಿತು.

ಹೀಗೆ ನಾಚಿಕೆಪಡಿಸಿ ದುಡ್ಡು ಕೀಳುವುದಕ್ಕೆ 'ಕನ್ಫರ್ಮ್ ಶೇಮಿಂಗ್' ಎಂಬ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಏನೋ ಸೇರಿಸುವುದು, ಕೊನೆಗೆ ದರ ಏರಿಸುವುದು, ಎಲ್ಲವೂ ಅದರಲ್ಲಿವೆ. ನಮ್ಮವರು ಅದನ್ನು ಸಿಲಬಸ್ ಅಂದುಕೊಂಡಿರಬೇಕು. ಒಂದು ಪಾಠವನ್ನೂ ಬಿಟ್ಟಿಲ್ಲ. 'ಎರಡೇ ಸೀಟು ಬಾಕಿ, 27 ಜನ ಈಗ ಇದೇ ಬಸ್ ನೋಡುತ್ತಿದ್ದಾರೆ' ಎಂದು ಕೆಂಪಕ್ಷರ ಮಿನುಗುತ್ತಿತ್ತು.

ಆ ಗಡಿಬಿಡಿಯಲ್ಲೇ ಬಂತು ನೋಡಿ, 'ನಿಮ್ಮ ಕೊನೆಯ ಹೆಸರು'.

"ಕೊನೆಯ ಹೆಸರು ಅಂದ್ರೆ? ಸತ್ತ ಮೇಲೆ ಇಡೋದಾ?"

ಸರ್‌ನೇಮ್ ಅಮ್ಮ ಎಂದೆ. ಹುಬ್ಬಳ್ಳಿ ಕಡೆಯವರಾಗಿದ್ದರೆ ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಘಮಘಮಿಸುವ ಅಡ್ಡಹೆಸರು ಇರುತ್ತಿತ್ತು. ನಾವು ಇನಿಶಿಯಲ್ ಜನ. 'ಕೆ' ಎಂದು ಹಾಕಿದೆ. 'ಕನಿಷ್ಠ 3 ಅಕ್ಷರ' ಎಂದಿತು. ಖಾಲಿ ಬಿಟ್ಟೆ. 'ಕಡ್ಡಾಯ' ಎಂದಿತು. ಚುಕ್ಕಿ ಇಟ್ಟೆ. 'ಸರಿಯಾದ ಹೆಸರು ನೀಡಿ' ಎಂದಿತು. ಎಪ್ಪತ್ತು ವರ್ಷ ಒಂದೇ ಹೆಸರಲ್ಲಿ ಬದುಕಿ ರೇಷನ್ ಕಾರ್ಡು, ಪಹಣಿ, ಪಾಸ್‌ಬುಕ್ಕು ಎಲ್ಲ ಮಾಡಿಸಿಕೊಂಡ ಹೆಂಗಸು ಈ ಆ್ಯಪಿನ ಕಣ್ಣಿಗೆ ಅರ್ಧ ಮನುಷ್ಯಳು.

"ಇಲ್ಲದ್ದಕ್ಕೆ ಇಲ್ಲ ಅಂತ ಬರಿ, ಅಷ್ಟೇ ಅಲ್ವಾ?" ಎಂದಳು ಅಮ್ಮ. ಬರೆದೆ. ಆ್ಯಪಿಗೆ ಭಾರೀ ಖುಷಿಯಾಯಿತು. ಪರದೆ ತುಂಬ ಬಣ್ಣದ ಕಾಗದ ಉದುರಿಸಿತು.

ರಾತ್ರಿ ಹತ್ತೂವರೆಗೆ ಬಸ್ ಬಂತು. ಅರ್ಧಕ್ಕರ್ಧ ಖಾಲಿ. ಆ 27 ಜನ ಸುಮ್ನೆ ನೋಡಿ ಹೋದರೇನೋ. ಕ್ಲೀನರ್ ಹುಡುಗ ಬಾಗಿಲಲ್ಲಿ ನಿಂತು ಪಟ್ಟಿ ಓದುತ್ತಿದ್ದ.

"ಶಾರದಮ್ಮ ಇಲ್ಲ."

"ಇದೀನಪ್ಪಾ" ಎಂದಳು ಅಮ್ಮ, ಬ್ಯಾಗ್ ಎತ್ತಿಕೊಳ್ಳುತ್ತಾ.

ಅವನು ಮತ್ತೊಮ್ಮೆ ಮೊಬೈಲ್ ನೋಡಿಕೊಂಡ. "ಇಲ್ಲ ಅಂತ ತೋರಿಸ್ತಿದೆಯಲ್ಲಮ್ಮ?"