ಏಳು ಚೂರಿ ಬಚ್ಚಿಟ್ಟವನ ಕಥೆ

ಒಂದು ಶನಿವಾರ ರಾತ್ರಿ ನನ್ನ ಮೈಮೇಲೆ ಏಳು ಚೂರಿ ಇದ್ದವು. ಎರಡು ಬೂಟಿನಲ್ಲಿ ಎರಡು, ಎರಡು ತೋಳಿನಲ್ಲಿ ಎರಡು, ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿದ್ದು ಎರಡು. ಏಳನೆಯದು ಎಲ್ಲಿತ್ತು ಅಂತ ಬರೆಯೋದು ಬೇಡ, ಇದನ್ನ ಮನೆಯವರೂ ಓದ್ತಾರೆ. ಇಷ್ಟೆಲ್ಲ ಇದ್ದೂ, ಕೊಲೆಗಾರ ಪಕ್ಕದಲ್ಲೇ ನಿಂತಾಗ ನಾನು ಮಾಡಿದ್ದು ಇಷ್ಟೇ: ಒಂದು ಚೂರಿ ತೆಗೆದು ಅವನಿಗೆ ತೋರಿಸಿದೆ.

ಗಾಬರಿ ಬೇಡ, ಇದು ಆಟ. ಮೇಜಿನ ಸುತ್ತ ಕೂತು, ಒಂದೊಂದು ಪಾತ್ರ ಹಿಡಿದು, ಮಾತಲ್ಲೇ ಕಥೆ ಕಟ್ಟುತ್ತಾ, ಗೆದ್ದೆವೋ ಸೋತೆವೋ ಅಂತ ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುವ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಶುರು ಮಾಡಿದ್ದು. ನಾವು ಆಡೋದು ಅದರದ್ದೇ ಬಳ್ಳಿಯ ಪಾತ್‌ಫೈಂಡರ್, 2009ರದ್ದು. ಬನಶಂಕರಿಯಲ್ಲಿ ಗೆಳೆಯನ ಮನೆ, ಐದು ಜನ, ಒಂದು ದೊಡ್ಡ ಪೊಟ್ಟಣ ಖಾರ ಮಂಡಕ್ಕಿ. ಆಟ ನಡೆಸುವವನಿಗೆ ಜಿಎಂ ಅಂತಾರೆ. ನಮ್ಮ ಜಿಎಂ ಆಫೀಸಿನಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗ. ವಾರವಿಡೀ 'ಸರಿ ಸರ್' ಅನ್ನುವವನು ಶನಿವಾರ ಬಂದರೆ ನನ್ನ ಪ್ರಾಣ ತೆಗೆಯುತ್ತಾನೆ, ಅದೂ 'ಸರ್' ಅಂತಲೇ.

ನನ್ನದು ಕಳ್ಳನ ಪಾತ್ರ. ಕಳ್ಳ ಅಂದ್ಮೇಲೆ ಬಚ್ಚಿಡಬೇಕು, ಅಲ್ವಾ? ಚೂರಿಗೆ ಎರಡು ಚಿನ್ನದ ನಾಣ್ಯ, ಏಳಕ್ಕೆ ಹದಿನಾಲ್ಕು. ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಹಾಕಿದೆ. ಅರಮನೆಯ ಔತಣಕ್ಕೆ ಹೋದರೆ ಬಾಗಿಲಲ್ಲಿ ಕಾವಲುಗಾರರು ನಮ್ಮವರ ಕತ್ತಿ, ಬಿಲ್ಲು ಎಲ್ಲ ಕಿತ್ತಿಟ್ಟುಕೊಂಡರು. ನನ್ನನ್ನೂ ತಡಕಿದರು. ಮೈ ತಡಕುವವನಿಗೆ ದಾಳದ ಮೇಲೆ 4 ಜಾಸ್ತಿ ಸಿಗುತ್ತದೆ. ಬಚ್ಚಿಟ್ಟದ್ದು ಚೂರಿಯಾದರೆ ನನಗೆ 2, ದೊಗಲೆ ಬಟ್ಟೆ ಹಾಕಿದ್ದರೆ ಇನ್ನೊಂದು 2. ಲೆಕ್ಕ ಅಲ್ಲಿಗಲ್ಲಿಗೆ. ಆಮೇಲೆ ದಾಳದ್ದೇ ದಯೆ. ನನಗೆ 18 ಬಿತ್ತು. ಒಳಗೆ ಹೋದೆ ನೋಡಿ, ಮದುಮಗನ ಹಾಗೆ.

ಊಟದ ಮಧ್ಯೆ ಕೊಲೆಗಾರನನ್ನ ಗುರುತು ಹಿಡಿದದ್ದು ನಾನೊಬ್ಬನೇ. ಪಕ್ಕದಲ್ಲೇ ನಿಂತಿದ್ದ. ಅವನಿಗೆ ನನ್ನ ಮೇಲೆ ಅನುಮಾನವೇ ಇಲ್ಲ. 'ಚೂರಿ ತೆಗೆದು ಚುಚ್ಚಿದೆ!' ಅಂತ ಮೇಜು ಕುಟ್ಟಿದೆ. ಮಂಡಕ್ಕಿ ಎಗರಿತು.

ಜಿಎಂ ತಣ್ಣಗೆ ಹೇಳಿದ: 'ಚೂರಿ ತೆಗೆದಿರಿ, ಸರ್. ಮುಂದಿನವರು?'

ಸಮಾಚಾರ ಏನಂದ್ರೆ, ಈ ಆಟದಲ್ಲಿ ಒಂದು ಸುತ್ತು ಅಂದರೆ 6 ಸೆಕೆಂಡು. ಅದರಲ್ಲಿ ಒಂದು ದೊಡ್ಡ ಕೆಲಸ ಮಾಡಬಹುದು, ಅದಕ್ಕೆ ಸ್ಟ್ಯಾಂಡರ್ಡ್ ಆ್ಯಕ್ಷನ್ ಅಂತಾರೆ. ಒಂದು ಸಣ್ಣದು, ಅದು ಮೂವ್ ಆ್ಯಕ್ಷನ್. ಸೊಂಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ನೇತಾಡುವ ಕತ್ತಿ ಎಳೆಯೋದು ಸಣ್ಣ ಕೆಲಸ. ಬಚ್ಚಿಟ್ಟದ್ದನ್ನ ತೆಗೆಯೋದು ದೊಡ್ಡ ಕೆಲಸ. ಚುಚ್ಚುವುದೂ ದೊಡ್ಡ ಕೆಲಸವೇ. ಹಾಗಾಗಿ ಎರಡೂ ಒಂದೇ ಸುತ್ತಿನಲ್ಲಿ ಆಗಲ್ಲ. ಅದರ ಮೇಲೆ, ಎದುರಾಳಿಗೆ ಗೊತ್ತಿಲ್ಲದೆ ಮೇಲೆ ಬೀಳುವ ಸುತ್ತಿನಲ್ಲಿ ಸಿಗೋದು ಎರಡರಲ್ಲಿ ಒಂದೇ. ಅಂದರೆ ಹದಿನಾಲ್ಕು ನಾಣ್ಯ ಖರ್ಚು ಮಾಡಿ, ತಡಕಿಸಿಕೊಂಡು, ಬೆವರಿ, ಕೊನೆಗೆ ಸಿಕ್ಕಿದ ಆ ಒಂದು ಕ್ಷಣವನ್ನ ನಾನು ತೋಳಿನೊಳಗೆ ಕೈ ಹಾಕಿ ಪರದಾಡುವುದಕ್ಕೇ ಕಳೆದಿದ್ದೆ.

ಆಮೇಲೆ ಯಾರು ಮೊದಲು ಅಂತ ದಾಳ ಹಾಕಿದರೆ ನನಗೆ ಬಿದ್ದದ್ದು 3. ಕೊಲೆಗಾರ ಮೇಜಿನ ಮೇಲಿದ್ದ ಮಾಂಸ ಕೊಯ್ಯುವ ಚಾಕು ಎತ್ತಿಕೊಂಡ, ಅದು ಸಣ್ಣ ಕೆಲಸ. ನನಗೆ ಚುಚ್ಚಿದ, ಅದು ದೊಡ್ಡ ಕೆಲಸ. ಅವನೇನೂ ಬಚ್ಚಿಟ್ಟಿರಲಿಲ್ಲ.

ಆರು ಸೆಕೆಂಡಿನ ವಿಷಯಕ್ಕೆ ಮುಕ್ಕಾಲು ಗಂಟೆ ಜಗಳ ನಡೆಯಿತು. ಒಬ್ಬ ಗೆಳೆಯ ನನ್ನ ಪರ ನಿಂತು, 2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಹೊಡೆಯುವಾಗ ಒಂದು ಆಯುಧ ಎಳೆಯೋದು ಪುಕ್ಕಟೆ ಅಂದ. 'ಆ ಮನೆ ರೂಲು ಈ ಮನೇಲಿ ನಡೆಯಲ್ಲ' ಅಂತ ಜಿಎಂ ಬಾಯಿ ಮುಚ್ಚಿಸಿದ. ಕೊಡಗಿನ ಗೆಳೆಯನಂತೂ, 'ನಮ್ಮ ಪೀಚೆ ಕತ್ತಿ ನೋಡಿದ್ದೀಯಾ? ಸೊಂಟಕ್ಕೆ ಸುತ್ತೋ ಕೆಂಪು ಚೇಲೆಗೆ ಸಿಕ್ಕಿಸಿ ಹೊಟ್ಟೆ ಮುಂದೆಯೇ ಇಟ್ಕೋತೀವಿ. ಮದುವೆ ಫೋಟೋದಲ್ಲೂ ಕಾಣ್ಸುತ್ತೆ. ಬಚ್ಚಿಡೋ ಕರ್ಮ ಯಾಕೆ ನಿಂಗೆ?' ಅಂತ ಗಾಯಕ್ಕೆ ಉಪ್ಪು ಹಾಕಿದ.

ನಾನು ಬಿಡಲಿಲ್ಲ. ನನ್ನದೇ ತೋಳು, ನನ್ನದೇ ಚೂರಿ, ತೆಗೆಯೋಕೆ ಎಷ್ಟು ಹೊತ್ತು ಬೇಕಯ್ಯಾ ಅಂದೆ. ಆ ಹುಡುಗ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಮೇಜಿನ ಮೇಲಿಟ್ಟ. 'ನಿಮ್ಮದೇ ಬ್ಯಾಗು, ಸರ್. ಸ್ಕೂಟರ್ ಕೀ ತೆಗೀರಿ.'

ಮೊದಲು ಬಂದದ್ದು ಛತ್ರಿ. ಆಮೇಲೆ ಊಟದ ಡಬ್ಬಿಯ ಮುಚ್ಚಳ. ಡಬ್ಬಿ ಬರಲಿಲ್ಲ, ಎಲ್ಲೋ ಬಿಟ್ಟುಬಂದಿದ್ದೆ. ತಿಂಗಳಿಂದ ಮನೆಯಲ್ಲಿ ಎಲ್ಲರೂ ಹುಡುಕುತ್ತಿದ್ದ ಗ್ಯಾಸ್ ಪುಸ್ತಕ ಬಂತು. ಒಂದು ಪ್ರಸಾದದ ಪೊಟ್ಟಣ, ಯಾವ ದೇವರದ್ದು ಅಂತ ದೇವರಿಗೇ ಗೊತ್ತು. ಕೊನೆಗೆ ಎದ್ದು ನಿಂತು ಬ್ಯಾಗು ತಲೆಕೆಳಗು ಮಾಡಿದೆ. ಕೀ ಪ್ಯಾಂಟಿನ ಜೇಬಿನಲ್ಲಿತ್ತು. 1 ನಿಮಿಷ 52 ಸೆಕೆಂಡು. ಹತ್ತೊಂಬತ್ತನೇ ಸುತ್ತು ನಡೀತಾ ಇದೆ ಸರ್, ನೀವು ಯಾವಾಗಲೋ ಹೋದಿರಿ ಅಂದ.

ಇದು ನಮ್ಮ ವಂಶದ ದೋಷ ಅಂತ ಕಾಣುತ್ತೆ. ಎರಡು ವರ್ಷದ ಹಿಂದೆ ಅಮ್ಮ ಊರಿನ ಮದುವೆಗೆ ಹೊರಡುವ ಮುಂಚೆ, ಮನೇಲಿ ಯಾರೂ ಇರಲ್ಲ ಅಂತ ಬಳೆಗಳನ್ನ ಬಚ್ಚಿಟ್ಟು ಹೋದಳು. ವಾಪಸ್ ಬಂದ ಮೇಲೆ ಎಲ್ಲಿಟ್ಟೆ ಅನ್ನೋದು ನೆನಪಿಲ್ಲ. ಮೂರು ದಿನ ಹುಡುಕಿದೆವು. ಅಪ್ಪ ಅಟ್ಟ ಹತ್ತಿ ಇಳಿದರು, ಸೊಂಟ ಹಿಡಿದುಕೊಂಡಿತು. ನಾಲ್ಕನೇ ದಿನ ಸಾರಿಗೆ ಬೇಳೆ ಅಳೆಯುವಾಗ ಲೋಟಕ್ಕೆ ಟಣ್ ಅಂತ ತಗುಲಿತು. 'ಕಳ್ಳನ ಕೈಗೆ ಸಿಗಬಾರದು ಅಂತ ಇಟ್ಟೆ ಕಣೋ' ಅಂದಳು. ಸಿಗಲಿಲ್ಲ ನಿಜ. ಕಳ್ಳನೇ ಬಂದಿರಲಿಲ್ಲ.

ಆಟಕ್ಕೆ ಬರೋಣ. ನಾನು ಸಾಯಲಿಲ್ಲ, ನಮ್ಮ ಪೂಜಾರಿ ಪಾತ್ರದವನು ಮಂತ್ರ ಹಾಕಿ ಎಬ್ಬಿಸಿದ. ಈ ಕಷ್ಟಕ್ಕೆ ಮದ್ದು ಏನು ಅಂತ ಮಾರನೇ ದಿನವೇ ಪುಸ್ತಕ ಹಿಡಿದು ಕೂತೆ. ಕ್ವಿಕ್ ಡ್ರಾ ಅಂತ ಒಂದು ವಿದ್ಯೆ ಇದೆ. ಅದನ್ನ ಕಲಿತರೆ ಬಚ್ಚಿಟ್ಟ ಆಯುಧ ತೆಗೆಯೋದೂ ಸಣ್ಣ ಕೆಲಸ ಆಗುತ್ತದೆ. ಆದರೆ ಮೊದಲ ಲೆವೆಲ್ಲಿನ ಕಳ್ಳನಿಗೆ ಅದನ್ನ ಕಲಿಸಲ್ಲ, ಹೊಡೆದಾಟದ ಅನುಭವ ಸೊನ್ನೆ ಅಂತೆ. ಕೆಲಸಕ್ಕೆ ಅನುಭವ ಬೇಕು, ಅನುಭವಕ್ಕೆ ಕೆಲಸ ಬೇಕು. ಇಲ್ಲೂ ಅದೇ ಗೋಳು.

ಆಮೇಲೆ ಸಿಕ್ಕಿತು ನೋಡಿ, ಸ್ಪ್ರಿಂಗ್ ಇರುವ ಮಣಿಕಟ್ಟಿನ ಒರೆ. ಐದು ನಾಣ್ಯ. ತೋಳಿನೊಳಗೆ ಕಟ್ಟಿಕೊಂಡು ಮಣಿಕಟ್ಟು ಬಗ್ಗಿಸಿದರೆ ಸಾಕು, ಚೂರಿ ಚಕ್ ಅಂತ ಅಂಗೈಗೆ ಬಂದು ಕೂರುತ್ತದೆ. ದೊಡ್ಡ ಕೆಲಸವೂ ಅಲ್ಲ, ಸಣ್ಣದೂ ಅಲ್ಲ. ಮೂರು ಚೂರಿ ಮಾರಿ ಕೊಂಡೆ. ಅರ್ಧ ಬೆಲೆಗೇ ಹೋದವು, ಮೇಲಿನ ಎರಡು ನಾಣ್ಯ ಪೂಜಾರಿ ಹತ್ತಿರ ಸಾಲ. ಕೊಂಡ ದಿನ ಹೆಂಡದಂಗಡಿಯಲ್ಲಿ ಎಲ್ಲರ ಮುಂದೆ ಚಕ್ ಅನ್ನಿಸಿ ಒಂದು ಸೇಬು ಕತ್ತರಿಸಿ ತೋರಿಸಿದೆ. ಚಪ್ಪಾಳೆಯೂ ಬಿತ್ತು.

ಮುಂದಿನ ಶನಿವಾರ ಅದೇ ಕೊಲೆಗಾರ, ಸಂದಿಯಲ್ಲಿ ಒಬ್ಬನೇ ಸಿಕ್ಕಿದ. 'ಮಣಿಕಟ್ಟು ಬಗ್ಗಿಸಿದೆ!' ಅಂತ ಮತ್ತೆ ಮೇಜು ಕುಟ್ಟಿದೆ.

ಜಿಎಂ ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ. 'ಹೋದ ವಾರ ಸೇಬು ಕತ್ತರಿಸಿದಿರಲ್ಲ, ಸರ್. ಆಮೇಲೆ ಆ ಸ್ಪ್ರಿಂಗಿಗೆ ಕೀ ಕೊಟ್ಟಿದ್ದಿರಾ?'